ಅದು ರೈಲಲ್ಲ ಎಂದವರ ಊರಿನಲ್ಲಿ

ಬೀದರ

ಪರದೇಶಕ್ಕೆ ಹೋಗಿ ಬಂದವರು ಮುಗಿಲು ಮುಟ್ಟುವ ಕಟ್ಟಡಗಳ ಬಗ್ಗೆ ಬರೆಯುತ್ತಾರೆ, ಹಿಮದ ಬಗ್ಗೆ ಬರೆಯುತ್ತಾರೆ. ನಾನೂ ಎರಡನ್ನೂ ನೋಡಿದೆ. ಆದರೆ ಅಮೇರಿಕಾ ಎಂದರೆ ನನಗೆ ಮೊದಲು ನೆನಪಾಗುವುದು ಸಿಟ್ಟು. ನಾನು ಹುಟ್ಟಾ ಸಿಟ್ಟಿನವಳು ಎಂದು ನಮ್ಮವ್ವ ಹೇಳುತ್ತಿದ್ದಳು. ಇರಬಹುದು. ಓದುವವರು ನನ್ನ ಸ್ವಭಾವವನ್ನು ಬೇಕಾದರೆ ಕಳೆದು ಓದಲಿ, ಆಮೇಲೂ ಸಾಕಷ್ಟು ಉಳಿಯುತ್ತದೆ.

ನಾನು ಆಗ ಬೀದರದ ಮಿಷನ್ ದವಾಖಾನೆಯಲ್ಲಿ ನರ್ಸು. ಮನೆ ಅಲ್ಲೇ ಚಿದ್ರಿಯಲ್ಲಿ, ಹುಟ್ಟಿದ್ದು ಔರಾದದಲ್ಲಿ. ನಮ್ಮಪ್ಪ ಅಲ್ಲಿಯ ಚರ್ಚಿನ ಸಾಲಿಯಲ್ಲಿ ಮಾಸ್ತರಾಗಿದ್ದ. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಜನ ಮತ್ತೆ ಬಾಗಿಲು ತೆರೆದು ಮಲಗುವುದನ್ನು ಕಲಿಯುತ್ತಿದ್ದ ಕಾಲದಲ್ಲಿ ಸಮುದ್ರದಾಚೆಯ ಚರ್ಚಿನ ಹೆಂಗಸರಿಗೆ ನಮ್ಮ ಜಿಲ್ಲೆಯ ಮೇಲೆ ಕನಿಕರ ಬಂತು. ಒಂದು ಸಣ್ಣ ಹೆರಿಗೆ ದವಾಖಾನೆ ಕಟ್ಟಿಸಿ ಕೊಡುತ್ತೇವೆ, ಎಲ್ಲಿ ಕಟ್ಟಬೇಕೆಂದು ನಾವು ತೀರ್ಮಾನಿಸುತ್ತೇವೆ, ಅಲ್ಲಿಯವರೇ ಇಬ್ಬರು ಹೆಂಗಸರು ಬಂದು ನಮ್ಮೆದುರು ಮಾತಾಡಲಿ ಎಂದು ಹೇಳಿ ಕಳಿಸಿದರು. ಒಬ್ಬಳು ನಾನು. ಇನ್ನೊಬ್ಬರು ಭಾಲ್ಕಿಯ ಹೆಣ್ಣುಮಕ್ಕಳ ಸಾಲಿಯ ಟೀಚರ್ ಬಾಯಿ ರೂತಕ್ಕ. ನನಗಿಂತ ಬಹಳ ಹಿರಿಯರು, ವಿಧವೆ, ಯಾರ ಮೇಲೂ ದನಿ ಎತ್ತಿದವರಲ್ಲ.

ನನಗೆ ದವಾಖಾನೆ ಔರಾದದಲ್ಲಿ ಬೇಕಿತ್ತು. ರೂತಕ್ಕನಿಗೆ ಭಾಲ್ಕಿಯಲ್ಲಿ ಬೇಕಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ಹೀಗೆ ಎದುರಾಳಿಗಳಿಬ್ಬರು ರೈಲಿನ ಒಂದೇ ಡಬ್ಬಿಯಲ್ಲಿ, ಒಂದೇ ತಂಬಿಗೆಯ ನೀರು ಕುಡಿಯುತ್ತ ಹೊರಟೆವು.

ಔರಾದ ಯಾಕೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿ ಹಲೀಮಾಬಿಯ ಮನೆ. ದರ್ಜಿ ಕೆಲಸದವಳು. ನನ್ನ ಮೊದಲ ನರ್ಸಿನ ಗೌನು ಹೊಲಿದವಳು ಅವಳೇ, ಹೊಲಿದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಪೊಲೀಸ್ ಆ್ಯಕ್ಷನ್ ಆದ ವಾರವೇ ಅವಳಿಗೆ ನೋವು ಬಂತು. ಕೂಸು ಅಡ್ಡ ಇತ್ತು, ಸೂಲಗಿತ್ತಿ ಕೈ ಚೆಲ್ಲಿದಳು. ಬೀದರಕ್ಕೆ ಹೋಗುವ ಮೋಟಾರಿನ ಓಡಾಟ ನಿಂತುಹೋಗಿತ್ತು. ಕುರುಬರ ಬೀರಪ್ಪ ಅವಳನ್ನು ಬಂಡಿಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊಚ್ಚಿ, ಅದರ ಮೇಲೆ ಉಣ್ಣೆ ಹೇರಿ ಹೊರಟ. ದಾರಿಯಲ್ಲಿ ಓಡಿಹೋಗುತ್ತಿದ್ದ ನಿಜಾಮರ ಪರದ ರಜಾಕಾರರು ಸಿಕ್ಕರು, ಹಿಂದೂ ಬಂಡಿಯವನನ್ನು ಬೈದು ಬಿಟ್ಟರು. ಮುಂದೆ ಸೇಡಿಗೆ ಹೊರಟ ನಮ್ಮ ಕಡೆಯ ಹಿಂದೂಗಳು ಬಡಿಗೆ ಹಿಡಿದು ಸಿಕ್ಕರು. ಒಳಗಿರುವವಳು ನನ್ನ ಹೆಂಡತಿ ಎಂದು ಬೀರಪ್ಪ ಹೇಳಿದ, ಅವರೂ ಬಿಟ್ಟರು. ಮಾಂಜ್ರಾ ಹೊಳೆ ತುಂಬಿ ಹರಿಯುತ್ತಿತ್ತು. ನೀರು ಇಳಿಯುವವರೆಗೆ ದಂಡೆಯಲ್ಲಿ ಕಾದ. ನಮ್ಮ ದವಾಖಾನೆಯ ಗೇಟಿನಲ್ಲಿ ಆ ಕಂಬಳಿ ಸರಿಸಿದವಳು ನಾನು. ತಾಯಿ, ಕೂಸು ಎರಡೂ ತಣ್ಣಗಾಗಿದ್ದವು.

ಬೊಂಬಾಯಿ

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಬೊಂಬಾಯಿ ಮುಟ್ಟಿದೆವು. ಕೆಲವು ವರ್ಷಗಳ ಹಿಂದೆ ನಮಗೆ ಅದೇ ಪರದೇಶ. ನಿಜಾಮರ ಸೀಮೆ ದಾಟುವಾಗ ಕರೋಡಗಿರಿಯ ಸುಂಕದವರು ಗಂಟು ಬಿಚ್ಚಿಸುತ್ತಿದ್ದರು. ಈಗ ಯಾರೂ ಬಿಚ್ಚಿಸಲಿಲ್ಲ. ಹಡಗಿಗೆ ಕಾಯುತ್ತ ಇದ್ದಾಗ ಅಲ್ಲಿಯ ಟ್ರಾಮನ್ನೂ ನೋಡಿದೆವು, ವಿದ್ಯುತ್ತಿನ ಲೋಕಲ್ ಗಾಡಿಯನ್ನೂ ನೋಡಿದೆವು. ಟ್ರಾಮು ದನಗಳ ನಡುವೆ, ಜನಗಳ ನಡುವೆ ಗಂಟೆ ಬಾರಿಸುತ್ತ ದಾರಿ ಬೇಡುತ್ತಿತ್ತು. ಲೋಕಲ್ ಗಾಡಿ ಯಾರನ್ನೂ ಬೇಡುತ್ತಿರಲಿಲ್ಲ.

ಎರಡಕ್ಕೂ ಏನು ಫರಕು ಎಂದು ನಾನು ರೂತಕ್ಕನನ್ನು ಕೇಳಿದೆ. ಸಾಲಿಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ ಉತ್ತರ ಬಂತು.

"ಕಂಬಿ ಮ್ಯಾಲ ಹೋತಂದ್ರ ಅದು ರೈಲವ್ವ. ಸಣ್ಣದಿದ್ರೇನು, ದೊಡ್ಡದಿದ್ರೇನು."

ನನಗೂ ಅದು ಸರಿಯೆನಿಸಿತು. ನಮ್ಮ ಕಡೆ ಇರುವುದು ಒಂದೇ ಕಂಬಿ. ಭಾಲ್ಕಿ ಟೇಶನ್ನಿನಲ್ಲಿ ಗಾಡಿ ಬಂದು ನಿಂತರೆ ಜನ ಕೇಳುವುದು ಒಂದೇ ಮಾತು: ಇದು ಬೀದರ ಕಡೆ ಹೋಗುತ್ತದೋ, ಉದಗೀರ ಕಡೆ ಹೋಗುತ್ತದೋ. ಮೂತಿ ಯಾವ ಕಡೆ ಎಂದು ತಿಳಿದರೆ ಸಾಕು, ಹತ್ತಿ ಕೂಡುತ್ತಾರೆ. ಗಾಡಿಗೆ ಜಾತಿ ಇದೆಯೆಂದು ಯಾರೂ ಕೇಳಿದವರಲ್ಲ.

ಚಿಕಾಗೊ

ಸಮುದ್ರದ ಮೇಲೆ ಆದ ವಾಂತಿಯ ವರ್ಣನೆ ಬೇಡ. ಚಿಕಾಗೊದಲ್ಲಿ ನಮ್ಮನ್ನು ಎದುರುಗೊಂಡವರು ಮಿಸೆಸ್ ಹಾರ್ಪರ್. ದವಾಖಾನೆಯ ತೀರ್ಮಾನ ಮಾಡುವ ಕಮಿಟಿಯ ಅಧ್ಯಕ್ಷೆ. ಎತ್ತರದ ಹೆಂಗಸು, ಬಿಳಿ ಕೈಚೀಲ, ಎಲ್ಲರನ್ನೂ 'ಡಿಯರ್' ಎಂದು ಕರೆಯುವ ಬಾಯಿ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಮೊದಲ ದಿನವೇ ರೂತಕ್ಕ ಬೀದಿಯಲ್ಲಿ ಹೋಗುತ್ತಿದ್ದ ಒಂದನ್ನು ತೋರಿಸಿ ರೈಲು ಚೆನ್ನಾಗಿದೆ ಎಂದರು. ಮಿಸೆಸ್ ಹಾರ್ಪರ್ ನಕ್ಕರು. ಅದು ರೈಲಲ್ಲ ಡಿಯರ್, ಅದು ಸ್ಟ್ರೀಟ್‌ಕಾರ್ ಎಂದರು. ತಲೆಯ ಮೇಲೆ ಕಬ್ಬಿಣದ ಕಾಲುಗಳ ಮೇಲೆ ಗುಡುಗುತ್ತ ಒಂದು ಹೋಯಿತು. ಇದು ರೈಲೇ ಎಂದೆ ನಾನು. ಅದೂ ಅಲ್ಲವಂತೆ, ಅದು ಎಲಿವೇಟೆಡ್. ಅದೇ ಗಾಡಿ ಊರ ನಡುವೆ ನೆಲದೊಳಗೆ ಇಳಿದರೆ ಸಬ್‌ವೇ. ದೊಡ್ಡ ಟೇಶನ್ನಿನಿಂದ ಇಂಜಿನ್ನು ಕಟ್ಟಿಕೊಂಡು ಹೊರವಲಯದ ಊರುಗಳಿಗೆ ಹೋಗಿಬರುವುದು ಸಬರ್ಬನ್. ಅದನ್ನು ಮಾತ್ರ ರೈಲು ಎಂದರೆ ನಡೆಯುತ್ತದೆ. ಇನ್ನೂ ಒಂದಿದೆ, ಆದರೆ ಅದು ನಿಮಗೆ ಬೇಕಾಗುವುದಿಲ್ಲ ಎಂದರು. ಆ ಬೇಕಾಗದ್ದರ ಬಗ್ಗೆ ಮುಂದೆ ಹೇಳುತ್ತೇನೆ.

ಅಂದಿನಿಂದ ನಾವಿಬ್ಬರು ಅವರ ಮನೆಯ ಚಹಾ ಮೇಜಿನ ತಮಾಷೆಯಾದೆವು. ಬಂದ ನೆಂಟರಿಗೆಲ್ಲ, ಇವರು ಎಲ್ಲವನ್ನೂ ಟ್ರೇನ್ ಅನ್ನುತ್ತಾರೆ ಎಂದು ಹೇಳುವರು. ನೆಂಟರು ನಗುವರು. ರೂತಕ್ಕನೂ ನಗುವರು. ನನಗೆ ನಗು ಬರಲಿಲ್ಲ.

ಆದರೆ ನಾನು ಹಟದವಳು, ಕಲಿತೆ. ಅವರು ಹೇಳಿದ ಗುರುತುಗಳಿಂದಲ್ಲ, ನನ್ನ ಗುರುತುಗಳಿಂದ ಕಲಿತೆ. ಬೀದಿಯ ಗಾಡಿ ನಮ್ಮ ಸಂತೆ ಬಂಡಿಯಂತೆ. ಕೈಚೀಲದ ಮುದುಕಿಯರು, ಮಕ್ಕಳು, ಓಡಿಸುವವ ಅಡ್ಡಬಂದ ಮೋಟಾರಿನವರನ್ನೆಲ್ಲ ಬೈಯುತ್ತ ಹೋಗುತ್ತಾನೆ, ಮೂಲೆಮೂಲೆಗೆ ನಿಲ್ಲಿಸುತ್ತಾನೆ. ಮೇಲಿನ ಗಾಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಿಟಕಿಗೆ ಕೈಯಳತೆಯಲ್ಲಿ ಜನರ ಅಡುಗೆಮನೆ, ಮಲಗುವ ಕೋಣೆ ಹಾದುಹೋಗುತ್ತವೆ, ಅವನ್ನೂ ನೋಡುವುದಿಲ್ಲ. ರೂತಕ್ಕ ಮಾತ್ರ ಒಬ್ಬಳು ರೊಟ್ಟಿ ಸುಡುವುದನ್ನು ಕಂಡು ನಮಸ್ಕಾರ ಮಾಡಿದರು. ಸಬರ್ಬನ್ನಿನಲ್ಲಿ ಟೊಪ್ಪಿಗೆಯ ಗಂಡಸರು. ದಿನವೂ ಅದೇ ಜಾಗ, ಅದೇ ಪೇಪರು, ಅದೇ ನಾಲ್ವರ ಇಸ್ಪೀಟು. ನಾನೊಮ್ಮೆ ಗೊತ್ತಿಲ್ಲದೆ ಅಂಥ ಒಂದು ಜಾಗದಲ್ಲಿ ಕುಳಿತೆ. ಆ ಮನುಷ್ಯ ಇಳಿಯುವವರೆಗೂ ನನ್ನ ಪಕ್ಕದಲ್ಲಿ ನಿಂತು ತನ್ನ ಜಾಗವನ್ನೇ ನೋಡುತ್ತಿದ್ದ.

ಹೊರಗೆ ಹೊರಟಾಗಲೆಲ್ಲ ಸೀರೆಯನ್ನೇ ಉಡಬೇಕು, ಕೋಟಿನ ಕೆಳಗೆ ಅಂಚು ಕಾಣುವಂತೆ ಉಡಬೇಕು ಎಂದು ಮಿಸೆಸ್ ಹಾರ್ಪರ್ ಹೇಳಿದ್ದರು. ಚಂದಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಮ್ಮ ಬಣ್ಣ ನೋಡಿ ಜನ ನಮ್ಮನ್ನು ಅಲ್ಲಿಯ ಕರಿಯರೆಂದು ತಿಳಿದಾರೆಂಬ ಭಯ. ಬೀದಿಯ ಗಾಡಿಯಲ್ಲಿ ರೂತಕ್ಕನ ಮೊಣಕಾಲು ನೋವು ಕಂಡು ಎದ್ದು ಜಾಗ ಕೊಟ್ಟವಳು ಅಂಥ ಒಬ್ಬ ಕರಿಯ ಹೆಂಗಸೇ. ಅವಳಿಂದ ನಮ್ಮನ್ನು ಬೇರೆ ಮಾಡಿ ತೋರಿಸಲು ನಾನು ಸೀರೆ ಉಡಬೇಕಾಗಿತ್ತು. ಮರುದಿನ ನಾನು ಕೋಟಿನ ಗುಂಡಿಯನ್ನು ಪಾದದವರೆಗೆ ಹಾಕಿಕೊಂಡೆ.

ಭಾನುವಾರಗಳಲ್ಲಿ ಚರ್ಚುಗಳಲ್ಲಿ ಮಾತು. ಮಾತಿನ ಕೊನೆಗೆ ಎಲ್ಲ ಕಡೆ ಒಂದೇ ಪ್ರಶ್ನೆ: ನಿಮ್ಮಲ್ಲಿ ಕೊಂದವರು ಯಾರು, ಹಿಂದೂಗಳೋ ಮುಸಲ್ಮಾನರೋ? ಮೊದಲು ಇವರು, ಆಮೇಲೆ ಅವರು ಎಂದರೆ ಕೇಳಿದವರಿಗೆ ರುಚಿಸುತ್ತಿರಲಿಲ್ಲ. ಒಂದೇ ಹೆಸರು ಬೇಕು. ದವಾಖಾನೆಗೆ ಬಂದ ಗಾಯಗಳಿಗೆ ಪಟ್ಟಿ ಕಟ್ಟಿದವಳು ನಾನು, ಗಾಯದ ಬಾಯಲ್ಲಿ ಹೆಸರು ಬರೆದಿರಲಿಲ್ಲ ಎಂದು ಒಂದು ಕಡೆ ಹೇಳಿದೆ. ಆ ಚರ್ಚಿನವರು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಮೇಲಿನ ಕಂಬಿ

ತೀರ್ಮಾನದ ದಿನ ಬಂತು. ಕಮಿಟಿ ಕೂಡುವುದು ಎವನ್‌ಸ್ಟನ್ ಎಂಬ ಊರಿನಲ್ಲಿ, ಚಿಕಾಗೊಗೆ ಉತ್ತರಕ್ಕೆ ಹತ್ತಿಕೊಂಡೇ ಇದೆ. ಅಂದು ನಾವು ಪಶ್ಚಿಮದ ಇನ್ನೊಂದು ಮನೆಯಲ್ಲಿ ಉಳಿದಿದ್ದೆವು. ಸಬರ್ಬನ್ನಿನಲ್ಲಿ ಊರ ನಡುವೆ ಬಂದು, ಮೆಟ್ಟಿಲು ಹತ್ತಿ, ಮೇಲಿನ ಗಾಡಿ ಹಿಡಿಯಬೇಕು. ಊಟದ ನಂತರ ಸಭೆ, ನೀವಿಬ್ಬರೂ ಮಾತಾಡಿದ ಮೇಲೆ ಕೈ ಎತ್ತುತ್ತೇವೆ ಎಂದಿದ್ದರು.

ಟೇಶನ್ನಿನ ಕಟ್ಟೆಯ ಮೇಲೆ ನಿಂತೆವು. ಒಂದು ಗಾಡಿ ಬಂತು. ಅದೇ ಕಂಬಿ, ಅದೇ ಕಟ್ಟೆ, ಅದೇ ವಿದ್ಯುತ್ತು. ಬಾಗಿಲಲ್ಲಿ ಹಿತ್ತಾಳೆ ಗುಂಡಿಯ ಕೋಟು ತೊಟ್ಟ ಕಂಡಕ್ಟರ್. ನಾನು ಮಾಡಿದ್ದು ಇಷ್ಟೇ, ಭಾಲ್ಕಿ ಟೇಶನ್ನಿನಲ್ಲಿ ನಿಂತು ಮಾಡುವ ಹಾಗೆಯೇ ಮಾಡಿದೆ. ಇದು ಉತ್ತರದ ಕಡೆ ಹೋಗುತ್ತದೆಯೇ ಎಂದು ಕೇಳಿದೆ. ಹೌದು ಎಂದ. ಹತ್ತಿದೆವು. ಮೂತಿ ಯಾವ ಕಡೆ ಎಂದು ತಿಳಿದ ಮೇಲೆ ಇನ್ನೇನು ಕೇಳುವುದಿರುತ್ತದೆ?

ಒಳಗೆ ಮೆತ್ತನೆಯ ಆಸನ. ಮೇಲೆ ಜನರ ಪೆಟ್ಟಿಗೆಗಳು. ಒಬ್ಬ ಮುದುಕ ಚರ್ಮದ ಬೂಟು ಬಿಚ್ಚಿ ಕಾಲು ಚಾಚಿದ್ದ. ಮೇಲಿನ ಗಾಡಿಯಲ್ಲಿ ಯಾರೂ ಬೂಟು ಬಿಚ್ಚುವುದಿಲ್ಲ, ಅಷ್ಟು ಹೊತ್ತು ಕೂಡುವ ಪ್ರಯಾಣವೇ ಅಲ್ಲ ಅದು. ನನಗೆ ಅಲ್ಲೇ ಹೊಳೆಯಬೇಕಿತ್ತು. ರೂತಕ್ಕನಿಗೆ ಖುಷಿಯಾಗಿತ್ತು.

"ಇವತ್ತು ಕಮಿಟಿ ಐತಿ ಅಂತ ನಮಗ ಚೊಲೊ ಡಬ್ಬಿ ಕಳಿಸ್ಯಾರ ನೋಡವ್ವ" ಎಂದರು.

ಮನೆಗಳು ಮುಗಿದವು. ಕಂಬದ ಮೇಲಿದ್ದ ಗಾಡಿ ನೆಲಕ್ಕೆ ಇಳಿಯಿತು. ಹೊಲಗಳು ಬಂದವು. ಗಾಡಿ ಓಡಿದ ಓಟಕ್ಕೆ ಕಿಟಕಿ ನಡುಗಿತು. ಆಗ ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಮೇಲಿನ ಗಾಡಿಯಲ್ಲಿ ಒಳಗೆ ಯಾರೂ ಟಿಕೆಟ್ ಕೇಳುವುದಿಲ್ಲ, ಗೇಟಿನಲ್ಲೇ ಎಲ್ಲ ಮುಗಿಯುತ್ತದೆ. ಎವನ್‌ಸ್ಟನ್ ಎಂದೆ. ಆತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಇದು ಎಲಿವೇಟೆಡ್ ಅಲ್ಲಮ್ಮ, ಇಂಟರ್‌ಅರ್ಬನ್, ಒಂದು ಶಹರದಿಂದ ಇನ್ನೊಂದು ಶಹರಕ್ಕೆ ಹೋಗುವ ಗಾಡಿ, ಊರೊಳಗೆ ಮಾತ್ರ ಅವರ ಕಂಬಿಯನ್ನು ಬಳಸುತ್ತದೆ, ಎವನ್‌ಸ್ಟನ್ನಿನ ದಾರಿ ಹಿಂದೆಯೇ ಕವಲೊಡೆಯಿತು ಎಂದ. ಇನ್ನು ನಿಲ್ಲುವುದು ವಾಕೀಗನ್ನಿನಲ್ಲಿ.

ಇದೇ ಆ ನಮಗೆ ಬೇಕಾಗದ ಗಾಡಿ.

ರೂತಕ್ಕನಿಗೆ ಗಾಬರಿಯೇನೂ ಆಗಲಿಲ್ಲ. "ನಿಲ್ಲಸ್ರಿ ಅಂತ ಹೇಳು. ನಮ್ಮ ಕಡಿ ಗಾರ್ಡಪ್ಪ ಹೆಣಮಕ್ಳಿದ್ರ ನಿಲ್ಲಸ್ತಾನ" ಎಂದರು. ಹೇಳಿದೆ. ಕಂಡಕ್ಟರ್ ನಕ್ಕ, ಆದರೆ ಆ ನಗು ನನ್ನನ್ನು ಚುಚ್ಚಲಿಲ್ಲ. ಪಕ್ಕದ ಡಬ್ಬಿಯಲ್ಲಿ ಬಿಳಿ ಅರಿವೆ ಹಾಸಿದ ಮೇಜಿನ ಮುಂದೆ ಕೂಡಿಸಿ ಇಬ್ಬರಿಗೂ ಕಾಫಿ ಕೊಡಿಸಿದ. ಪುಣ್ಯಾತ್ಮ. ಆ ದೇಶದಲ್ಲಿ ನಮ್ಮ ತಪ್ಪನ್ನು ತಪ್ಪೆಂದಷ್ಟೇ ತಿಳಿದವನು ಅವನೊಬ್ಬ.

ವಾಕೀಗನ್

ಮರಳಿ ಹೋಗುವ ಗಾಡಿಗೆ ಬಹಳ ಹೊತ್ತು ಕಾಯಬೇಕಾಯಿತು. ಬೆಂಚಿನ ಮೇಲೆ ಕೂತು ಪೇಟೆಯ ಬ್ರೆಡ್ಡಿಗೆ ಊರಿಂದ ತಂದ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಗಾಳಿ ಮೂಗು ಕತ್ತರಿಸುವಂತೆ ಬೀಸುತ್ತಿತ್ತು. ನಾನು ಕುದಿಯುತ್ತಿದ್ದೆ. ಗಾಡಿಯ ಮೇಲೆ ಸಿಟ್ಟು, ಮಿಸೆಸ್ ಹಾರ್ಪರರ ಮೇಲೆ ಸಿಟ್ಟು, ಅದು ನಿಮಗೆ ಬೇಕಾಗುವುದಿಲ್ಲ ಎಂದ ಆ ಮಾತಿನ ಮೇಲೆ ಸಿಟ್ಟು.

ಅಲ್ಲಿ ರೂತಕ್ಕ ಇಷ್ಟು ದಿನ ಆಡದ ಮಾತು ಆಡಿದರು. ಕಮಿಟಿಯಲ್ಲಿ ತಾವು ಭಾಲ್ಕಿ ಎಂದೇ ಹೇಳುವುದಾಗಿಯೂ, ನಾನು ಮುನಿಸಿಕೊಳ್ಳಬಾರದೆಂದೂ ಹೇಳಿದರು. ನನ್ನ ಸಾಲಿ ಬಿಟ್ಟು ಲಗ್ನವಾಗಿ ಹೋದ ಎಳೆಯ ಹುಡುಗಿಯರು ಹೆರಿಗೆಯಲ್ಲಿ ಹೋಗಿದ್ದಾರೆ, ಅವರ ಹೆಸರು ಹಿಡಿದು ಹಾಜರಿ ಕರೆದ ಬಾಯಿ ಇದು, ಭಾಲ್ಕಿಯ ತಾಯಂದಿರಿಗೆ ಮಾತು ಕೊಟ್ಟು ಬಂದಿದ್ದೇನೆ ಎಂದರು. ಅದು ಸುಳ್ಳಲ್ಲ. ಅವರ ಮೇಲೆ ಸಿಟ್ಟಾಗಲು ನನಗೆ ಜಾಗವಿರಲಿಲ್ಲ.

ಟೇಶನ್ನಿನವನನ್ನು ಎವನ್‌ಸ್ಟನ್ ಇಲ್ಲಿಂದ ಎಷ್ಟು ದೂರ ಎಂದು ಕೇಳಿದೆ. ಮೈಲಿ ಹೇಳಿದ. ಕೇಳಿ ನಾನು ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಕೂತೆ.

"ಯಾಕವ್ವ?" ಎಂದರು ರೂತಕ್ಕ.

"ಔರಾದದಿಂದ ಬೀದರ ಎಷ್ಟು ದೂರನೋ, ಅಷ್ಟ ದೂರ ಬಂದೇವ್ರಿ ನಾವು. ತಪ್ಪಿ ಬಂದೇವಿ. ಕಾಫಿ ಆರೂದ್ರಾಗ ಬಂದೇವಿ."

ರೂತಕ್ಕ ಕಂಬಿಯ ಕಡೆ ನೋಡಿದರು. ಹಲೀಮಾಬಿಯ ಕತೆ ಅವರಿಗೆ ಗೊತ್ತಿತ್ತು. ತಮ್ಮ ಕೈಯಲ್ಲಿದ್ದ ಬ್ರೆಡ್ಡನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟರು.

ಎವನ್‌ಸ್ಟನ್

ನಾವು ಮುಟ್ಟಿದಾಗ ಚಹಾದ ಬಟ್ಟಲು ತೊಳೆಯುತ್ತಿದ್ದರು. ಕಮಿಟಿಯ ಹೆಂಗಸರು ಟೊಪ್ಪಿಗೆ ಇಟ್ಟುಕೊಳ್ಳುತ್ತಿದ್ದರು. ಮಿಸೆಸ್ ಹಾರ್ಪರ್ ಓಡಿ ಬಂದು ನನ್ನ ಎರಡೂ ಕೈ ಹಿಡಿದು, ಎಷ್ಟು ಹೆದರಿದ್ದೆವು ಗೊತ್ತೇ ಎಂದರು. ಎಲ್ಲಿಗೆ ಹೋಗಿದ್ದೆವೆಂದು ಹೇಳಿದಾಗ ಎಲ್ಲರೂ ಮತ್ತೆ ಕೂತರು. ನಗು ಎದ್ದಿತು. ಮಿಸೆಸ್ ಹಾರ್ಪರ್ ಒಂದು ಕಾಗದ ತೆಗೆದು ಗೆರೆ ಎಳೆದು, ಸ್ಟ್ರೀಟ್‌ಕಾರ್ ಹೀಗೆ, ಎಲಿವೇಟೆಡ್ ಹೀಗೆ, ಸಬ್‌ವೇ ಹೀಗೆ, ಸಬರ್ಬನ್ ಹೀಗೆ, ಇಂಟರ್‌ಅರ್ಬನ್ ಹೀಗೆ ಎಂದು ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟರು. ಒಂದೇ ಕಂಬಿಯ ಮೇಲೆ ಓಡಿದ ಮಾತ್ರಕ್ಕೆ ಎರಡು ಗಾಡಿ ಒಂದೇ ಆಗುವುದಿಲ್ಲ ಡಿಯರ್, ನೋಡಿ ತಿಳಿಯಬೇಕು ಎಂದರು.

ದವಾಖಾನೆಯ ಮಾತು ಏನಾಯಿತು ಎಂದು ಕೇಳಿದೆ.

ಓ, ಅದು ಆಯಿತು ಎಂದರು. ನಿಮಗಾಗಿ ಕಾದೆವು, ಆಮೇಲೆ ಕೈ ಎತ್ತಿಸಿದೆವು, ಭಾಲ್ಕಿ ಎಂದು ಆಗಿದೆ. ಅಲ್ಲಿ ರೈಲಿದೆಯಲ್ಲ, ಔರಾದದವರೂ ಅಲ್ಲಿಗೆ ಬರಬಹುದು ಎಂದರು.

ಔರಾದಕ್ಕೆ ರೈಲಿಲ್ಲ ಎಂದೆ.

ಗೊತ್ತು ಡಿಯರ್, ಪಕ್ಕದಲ್ಲೇ ಇದೆಯಲ್ಲ ಎಂದರು. ಗೋಡೆಯ ಮೇಲೆ ಇಂಡಿಯಾದ ನಕಾಶೆ ಇತ್ತು. ಔರಾದ ತೋರಿಸಿ ಎಂದೆ. ಹುಡುಕಿ, ಬೆರಳಿಟ್ಟು ತೋರಿಸಿದರು. ಇನ್ನು ಭಾಲ್ಕಿ ತೋರಿಸಿ ಎಂದೆ. ಬೆರಳು ಎತ್ತಲಿಲ್ಲ, ಅಲ್ಲೇ ಒಂದಿಷ್ಟು ಅಲ್ಲಾಡಿಸಿದರು. ಬೀದರ, ಭಾಲ್ಕಿ, ಔರಾದ ಮೂರೂ ಅವರ ಒಂದೇ ಬೆರಳಿನ ಕೆಳಗೆ ಇದ್ದವು. ಉಗುರಿಗೆ ಚಂದದ ಬಣ್ಣ ಹಚ್ಚಿದ್ದರು.

ಮೈಗೆ ಬೆಂಕಿ ಬಿದ್ದಂತಾಯಿತು. ಮನೆಯ ಮುಂದೆ ಹೋಗುವ ಗಾಡಿಗಳ ಐದು ಜಾತಿಯನ್ನು ಬಿಡಿಸಿ ಬಿಡಿಸಿ ಹೇಳುವ ಈ ಹೆಂಗಸಿಗೆ ನಮ್ಮ ಎರಡು ಊರು ಬೇರೆ ಎಂದು ತಿಳಿಯಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಎಂದೂ ಯಾವ ಚರ್ಚಿನಲ್ಲೂ ಹೇಳದ ಹಲೀಮಾಬಿಯ ಕತೆಯನ್ನು ಅಲ್ಲಿ ನಿಂತು ಹೇಳಿದೆ. ಅಳು ಬರಲಿಲ್ಲ. ಅವಳನ್ನು ಯಾರು ಕೊಂದರೆಂದು ಕೇಳುತ್ತೀರಲ್ಲ, ರಜಾಕಾರರು ಬಿಟ್ಟರು, ಬಡಿಗೆಯವರು ಬಿಟ್ಟರು, ದಾರಿ ಬಿಡಲಿಲ್ಲ ಎಂದೆ. ಇವತ್ತು ನಾವು ತಪ್ಪಿ ಹೋಗಿ ಬ್ರೆಡ್ಡು ತಿಂದು ಬಂದೆವಲ್ಲ, ಅಷ್ಟೇ ದೂರ ಅದು ಎಂದೆ.

ಒಬ್ಬಿಬ್ಬರು ಕರವಸ್ತ್ರ ತೆಗೆದರು. ಮಿಸೆಸ್ ಹಾರ್ಪರರ ಕಣ್ಣಲ್ಲೂ ನೀರಿತ್ತು, ನಿಜವಾದ ನೀರು. ಅವರು ನನ್ನ ಭುಜ ಹಿಡಿದು ಮೆಲ್ಲಗೆ ಕೇಳಿದರು: ಡಿಯರ್, ಈ ಭಾನುವಾರ ದೊಡ್ಡ ಚರ್ಚಿನಲ್ಲಿ ಇದನ್ನು ಹೀಗೇ, ಇದೇ ಮಾತುಗಳಲ್ಲಿ, ಇನ್ನೊಮ್ಮೆ ಹೇಳುತ್ತೀಯಾ?

ನನ್ನ ಜೀವಮಾನದಲ್ಲಿ ಯಾರಿಗಾದರೂ ಕೆನ್ನೆಗೆ ಹೊಡೆಯಬೇಕೆಂದು ಕೈ ಎದ್ದದ್ದಿದ್ದರೆ ಅದು ಆಗ. ಎದ್ದ ಕೈಯನ್ನು ರೂತಕ್ಕ ಹಿಡಿದರು. ಹಿಡಿದುಕೊಂಡೇ ಎದ್ದು ನಿಂತರು. ಅವರ ಇಂಗ್ಲಿಷು ಸಾಲಿಯ ಇಂಗ್ಲಿಷು, ಒಂದೊಂದು ಮಾತನ್ನು ಬಿಡಿಬಿಡಿಯಾಗಿ ಇಡುತ್ತಾರೆ.

"ನಾನು ಭಾಲ್ಕಿಯವಳು. ಭಾಲ್ಕಿಗೆ ಇದು ಬೇಡ. ಔರಾದಕ್ಕೆ ಕೊಡಿ."

ಮಿಸೆಸ್ ಹಾರ್ಪರ್ ಮುಗುಳ್ನಕ್ಕರು. ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದರು. ಆದರೆ ಕೈ ಎತ್ತಿಯಾಗಿದೆಯಲ್ಲ.

ಹೊರಗೆ ಬಂದ ಮೇಲೆ, ಭಾಲ್ಕಿಯಲ್ಲಿ ಏನು ಹೇಳುತ್ತೀರಿ ಎಂದು ರೂತಕ್ಕನನ್ನು ಕೇಳಿದೆ.

"ಬ್ಯಾಡ ಅಂದೆ ಅಂತ ಹೇಳ್ತೇನಿ. ಬೈತಾರ. ಬೈಲಿ ಬಿಡವ್ವ."

ಆ ಭಾನುವಾರ ನಾನು ದೊಡ್ಡ ಚರ್ಚಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದೆ. ಹೊಟ್ಟೆ ಚೆನ್ನಾಗಿಯೇ ಇತ್ತು, ಎರಡು ಸಲ ಊಟ ಮಾಡಿದೆ.

ಭಾಲ್ಕಿ

ದವಾಖಾನೆ ಭಾಲ್ಕಿಯಲ್ಲಿ, ಟೇಶನ್ನಿಗೆ ಹತ್ತಿರವೇ ಎದ್ದಿತು. ಚಂದದ ಕಟ್ಟಡ, ಕೆಂಪು ಹೆಂಚು. ನನ್ನನ್ನೇ ಅಲ್ಲಿಗೆ ಹಾಕಿದರು. ಹೋದೆ. ಭಾಲ್ಕಿಯಲ್ಲಿ ಹೆರುವವಳೂ ಹೆಂಗಸೇ. ರೂತಕ್ಕ ಹೇಳಿದ ಹುಡುಗಿಯರ ತಂಗಿಯರು ಬಂದು ಹೆತ್ತು ಹೋದರು, ಬದುಕಿ ಹೋದರು. ರೂತಕ್ಕನನ್ನು ಊರಿನವರು ಬೈದದ್ದೂ ಆಯಿತು, ಮರೆತದ್ದೂ ಆಯಿತು. ಔರಾದದಿಂದ ಯಾರೂ ಬರಲಿಲ್ಲ. ಬರುವುದು ಹೇಗೆ? ನಡುವೆ ಮಾಂಜ್ರಾ, ಅದರ ಆಚೆ ಈಚೆ ಎರೆಮಣ್ಣಿನ ಬಂಡಿದಾರಿ, ಭಾಲ್ಕಿಗೆ ನೇರ ಮೋಟಾರಿಲ್ಲ.

ಮುಂದಿನ ಚಳಿಗಾಲಕ್ಕೆ ಮಿಸೆಸ್ ಹಾರ್ಪರ್ ತಮ್ಮ ದವಾಖಾನೆ ನೋಡಲು ಬಂದರು. ರೈಲಿನಲ್ಲೇ ಬಂದು ಇಳಿದರು. ಸಾಲಿಯ ಹುಡುಗಿಯರು ಹಾರ ಹಾಕಿ ಹಾಡಿದರು. ಹಾಸಿಗೆಗಳನ್ನು ಮುಟ್ಟಿ ನೋಡಿದರು, ಕೂಸುಗಳನ್ನು ಎತ್ತಿ ಮುದ್ದಿಸಿದರು. ಊಟಕ್ಕೆ ಕೂತಾಗ ಔರಾದದಿಂದ ಎಷ್ಟು ಜನ ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹಾಗಾದರೆ ಅಲ್ಲಿ ಅಷ್ಟು ಅಗತ್ಯ ಇರಲಿಲ್ಲವೇನೋ ಡಿಯರ್, ಇದ್ದಿದ್ದರೆ ಬರುತ್ತಿದ್ದರಲ್ಲವೇ ಎಂದರು.

ಬಡಿಸುತ್ತಿದ್ದ ರೂತಕ್ಕನ ಕೈ ನಿಂತಿತು. ನಾನು ಬಾಯಲ್ಲಿದ್ದ ತುತ್ತನ್ನು ನುಂಗಿ, ನಾಳೆ ಔರಾದಕ್ಕೇ ಹೋಗಿ ಅವರನ್ನೇ ಕೇಳೋಣ, ನೀವೂ ಬನ್ನಿ ಎಂದೆ. ಬಂಡಿಯಲ್ಲಿ ಎಂದು ತಿಳಿದು ಮಿಸೆಸ್ ಹಾರ್ಪರ್ ಮಗುವಿನಂತೆ ಸಂತೋಷಪಟ್ಟರು. ದಾರಿಯಲ್ಲಿ ಒಂದು ರಾತ್ರಿ ವಸ್ತಿ ಮಾಡಬೇಕಾಗುತ್ತದೆ ಎಂದು ಹೇಳಿದೆ. ನಕಾಶೆಯಲ್ಲಿ ಪಕ್ಕದಲ್ಲೇ ಇದೆಯಲ್ಲ ಎಂದು ನಕ್ಕರು.

ಪಕ್ಕದ ಹಳ್ಳಿ ಭಾತಂಬ್ರಾದ ಶರಣಪ್ಪ ಬಂಡಿ ತಂದ. ಬೆಳಕು ಹರಿಯುವಾಗ ಹೊರಟೆವು, ಮಿಸೆಸ್ ಹಾರ್ಪರ್, ರೂತಕ್ಕ, ನಾನು. ಮೊದಮೊದಲು ಅವರು ಜೋಳದ ಹೊಲ, ಕುರಿ ಹಿಂಡು, ಎಲ್ಲದಕ್ಕೂ ಕೈಬೀಸಿದರು. ಬಿಸಿಲೇರಿತು. ಹುಲ್ಲಿನ ಮೇಲೆ ಹಾಸಿದ ಗಾದಿ ಜಾರಿ ಜಾರಿ ಒಂದು ಕಡೆ ಸೇರಿತು. ಗಾಲಿ ಪ್ರತಿ ತಗ್ಗಿಗೆ ಬಿದ್ದಾಗಲೂ ಅವರು ಸೊಂಟ ಹಿಡಿದುಕೊಳ್ಳುತ್ತಿದ್ದರು. ಇನ್ನೆಷ್ಟು ದೂರ ಎಂದು ಕೇಳಿದರು. ಇನ್ನೂ ಹೊಳೆ ಬಂದಿಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೂತರು. ಮುಖದ ಮೇಲೆ ಧೂಳು ಕೂತು ಬೆವರಿನ ಗೆರೆ ಬಿದ್ದಿತ್ತು.

ಊಟದ ಹೊತ್ತು ಮೀರಿದ ಮೇಲೆ ಅವರು ಶರಣಪ್ಪನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ, ನಿಲ್ಲಿಸು, ನಿಲ್ಲಿಸು, ತಿರುಗಿಸು, ನನ್ನಿಂದ ಆಗುವುದಿಲ್ಲ, ಇನ್ನೊಮ್ಮೆ ನೋಡೋಣ, ಇದು ಬಹಳ ದೂರ ಎಂದರು.

ಶರಣಪ್ಪ ಹಗ್ಗ ಎಳೆದು ಎತ್ತುಗಳನ್ನು ನಿಲ್ಲಿಸಿದ. ಅವನಿಗೆ ಇಂಗ್ಲಿಷು ಬಾರದು. ತಿರುಗಿ ನನ್ನ ಮುಖ ನೋಡಿದ.

"ಏನಂತಾರ್ರಿ ಬಾಯಾರು?"

ನಾನು ರೂತಕ್ಕನ ಕಡೆ ನೋಡಿದೆ. ಹುಟ್ಟಿದಾಗಿನಿಂದ ಸುಳ್ಳಾಡದ ಆ ಹೆಂಗಸು ಸೆರಗಿನಿಂದ ಬಾಯಿ ಒರೆಸಿಕೊಂಡು, ನನಗಿಂತ ಮೊದಲೇ ಉತ್ತರ ಕೊಟ್ಟರು.

"ಸಾವಕಾಶ ಆತು, ಲಗೂ ಹೊಡಿ ಅಂತಾರಪ್ಪ. ಔರಾದ ಮುಟ್ಟೂತನಕಾ ಎಲ್ಲೂ ನಿಲ್ಲಿಸಬ್ಯಾಡ ಅಂತಾರ."